ಲಚ್ಚಿಯನ್ನು ಮಲಗಲು ಬಿಡದ ವರ್ಷ

ಹೋದ ತಿಂಗಳು ನೆಂಟರ ಮನೆಯ ನಾಮಕರಣಕ್ಕೆಂದು ದೇವನಹಳ್ಳಿ ಪಕ್ಕದ ವಿಜಯಪುರದ ಕಡೆ ಹೊರಟಿದ್ದೆ. ದೇವನಹಳ್ಳಿ ದಾಟಿದ ಮೇಲೆ ರೈಲ್ವೆ ಗೇಟು ಬಿದ್ದು ಬಸ್ಸು ನಿಂತಿತು. ನನ್ನ ಕಿಟಕಿಯ ಪಕ್ಕಕ್ಕೇ ಹಿಪ್ಪುನೇರಳೆ ಸೊಪ್ಪು ತುಂಬಿಕೊಂಡ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಸೊಪ್ಪು ಬಾಡದಿರಲೆಂದು ಮೇಲೆ ಒದ್ದೆ ಗೋಣಿತಾಟು ಹೊದಿಸಿದ್ದರು. ಹಸಿ ಸೊಪ್ಪು, ಒದ್ದೆ ಗೋಣಿ, ಎರಡೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅರ್ಧ ತಲೆಯನ್ನು ಕಿಟಕಿಯಿಂದ ಆಚೆ ಹಾಕಿದೆ. "ಅಜ್ಜೀ, ತಲೆ ಒಳಗಿಟ್ಕೊಳ್ರೀ, ನಿಮ್ಮಿಂದ ನನ್ ಕೆಲ್ಸ ಹೋಗುತ್ತೆ" ಎಂದು ಕಂಡಕ್ಟರ್ ಗದರಿದ. ಮೂವತ್ತೆಂಟು ವರ್ಷ ಮಕ್ಕಳನ್ನು ಗದರಿದವಳು ನಾನು. ಈಗ ಗದರಿಸಿಕೊಳ್ಳುವ ಸರದಿ. ಸುಮ್ಮನೆ ಒಳಗೆ ಕೂತೆ. ಗೇಟು ಎದ್ದಿತು, ಆಟೋ ಮುಂದೆ ಹೋಯಿತು, ವಾಸನೆ ಮಾತ್ರ ನಾಮಕರಣದ ಊಟದ ಎಲೆಯವರೆಗೂ ನನ್ನ ಜೊತೆಗೇ ಬಂತು. ಅದು ನನಗೆ ಒಂದು ಮನೆಯ ವಾಸನೆ, ಒಂದು ವರ್ಷದ ವಾಸನೆ.

ಆಗ ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ದೊಡ್ಡಬಳ್ಳಾಪುರದ ನೇಕಾರರ ಮನೆಯ ಹುಡುಗಿ. ಟಿ.ಸಿ.ಎಚ್. ಮುಗಿಸಿ ಇಪ್ಪತ್ತನೇ ವಯಸ್ಸಿಗೆ ಕೆಲಸ ಸಿಕ್ಕಿ, ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಒಂದು ಹಳ್ಳಿಯ ಶಾಲೆಗೆ ಆರ್ಡರು ಬಂದಿತ್ತು. ಇಪ್ಪತ್ತು ಎಂದರೆ ಪ್ರಪಂಚದಲ್ಲಿ ತನಗೆ ಗೊತ್ತಿಲ್ಲದ್ದು ಏನೂ ಉಳಿದಿಲ್ಲ ಎಂದುಕೊಳ್ಳುವ ವಯಸ್ಸು. ನನಗಂತೂ ಹಾಗೆ ಅನ್ನಿಸುವುದು ಉಳಿದವರಿಗಿಂತ ಸ್ವಲ್ಪ ಜಾಸ್ತಿಯೇ ಇತ್ತು. ದಿನಾ ಹೋಗಿ ಬರುವಷ್ಟು ಬಸ್ಸುಗಳಿರಲಿಲ್ಲ. ಹೆಡ್‌ಮಾಸ್ಟರು ಮುನಿಶಾಮಣ್ಣ ಎಂಬ ರೈತರ ಮನೆಯ ಮುಂದಿನ ಕೋಣೆಯನ್ನು ನನಗೆ ಗೊತ್ತು ಮಾಡಿಕೊಟ್ಟರು. ಆ ಮನೆಯಲ್ಲಿ ಮುನಿಶಾಮಣ್ಣ, ಅವರ ಹೆಂಡತಿ ಪಿಳ್ಳಮ್ಮ, ಮುನಿಶಾಮಣ್ಣನ ಮುದುಕಿ ತಾಯಿ, ಮತ್ತೆ ಎಂಟು ವರ್ಷದ ಒಬ್ಬಳೇ ಮಗಳು. ಹುಡುಗಿಯ ಹೆಸರು ಮುನಿಲಕ್ಷ್ಮಿ, ಕರೆಯುವುದು ಲಚ್ಚಿ ಎಂದು. ಇವರಲ್ಲದೆ ಆ ಮನೆಯ ಮುಕ್ಕಾಲು ಪಾಲನ್ನು ಹಿಡಿದುಕೊಂಡಿದ್ದದ್ದು ರೇಷ್ಮೆ ಹುಳು.

ರೇಷ್ಮೆ ಎಂದರೆ ನನಗೆ ನೂಲು, ಲಾಳಿ, ಮಗ್ಗ. ಹುಳುವನ್ನು ಕಣ್ಣಾರೆ ಕಂಡವಳಲ್ಲ. ಮೊದಲ ದಿನ ಪಿಳ್ಳಮ್ಮ ಗೋಣಿತಾಟು ಸರಿಸಿ ಬಿದಿರು ತಟ್ಟೆಯಲ್ಲಿ ಸಾವಿರಗಟ್ಟಲೆ ಹುಳು ಮಿಜಿಮಿಜಿ ಆಡುವುದನ್ನು ತೋರಿಸಿದಾಗ ಕಿಟಾರನೆ ಕಿರುಚಿಕೊಂಡೆ. "ಮದ್ವೆ ಮನೇಲಿ ಉಡ್ತೀರಲ್ಲ ಮೇಷ್ಟ್ರಮ್ಮ, ಆ ಸೀರೆ ಮರದಿಂದ ಉದುರ್ತದೆ ಅಂದ್ಕೊಂಡಿದ್ರಾ?" ಎಂದು ಪಿಳ್ಳಮ್ಮ ನಕ್ಕರು. ಹುಳದ ಮನೆಗೆ ನೂರೆಂಟು ಕಟ್ಟಳೆ. ಕಾಲು ತೊಳೆಯದೆ ಹೋಗಬಾರದು. ಪಕ್ಕದಲ್ಲಿ ಮೆಣಸಿನಕಾಯಿ ಹುರಿಯಬಾರದು. ಬೀಡಿ ಹೊಗೆ ಬರಬಾರದು. ಎಲ್ಲಕ್ಕಿಂತ ನನಗೆ ಸಂಕಟವಾದದ್ದು, ಮುಖಕ್ಕೆ ಪೌಡರು ಹಚ್ಚಿಕೊಂಡು ಒಳಗೆ ಕಾಲಿಡಬಾರದು. ನನಗೋ ಪೌಡರಿಲ್ಲದೆ ಕನ್ನಡಿ ನೋಡುವುದಕ್ಕೇ ಆಗುತ್ತಿರಲಿಲ್ಲ.

ಈ ಕಟ್ಟಳೆಗಳನ್ನೆಲ್ಲ ನನಗೆ ಕಲಿಸಿದವಳು ಲಚ್ಚಿ. ಶಾಲೆಯಲ್ಲಿ ನಾನು ಅವಳಿಗೆ ಮೇಷ್ಟ್ರಮ್ಮ, ಮನೆಯಲ್ಲಿ ಅವಳು ನನಗೆ. ಮೂರನೇ ಕ್ಲಾಸಿನ ಹುಡುಗಿ, ಹದಿಮೂರರ ಮಗ್ಗಿಯನ್ನು ಮೇಲಿಂದ ಕೆಳಕ್ಕೂ ಕೆಳಗಿಂದ ಮೇಲಕ್ಕೂ ಹೇಳುತ್ತಿದ್ದಳು. ಹಾಜರಿ ಕೂಗಿದರೆ ತನ್ನದಕ್ಕೂ "ಬಂದಿವ್ನಿ" ಎನ್ನುವಳು, ಬರದವರ ಹೆಸರಿಗೆ "ಅವ್ರಮ್ಮ ಸಂತೆಗೆ ಹೋಗವ್ರೆ, ಅದಕ್ಕೆ ಬಂದಿಲ್ಲ" ಎಂದು ಊರಿನ ವರದಿಯನ್ನೂ ಒಪ್ಪಿಸುವಳು. ಅವಳ ಬಾಯಿ ತಾಳಲಾರದೆ ನಾನು ಅವಳನ್ನು ಮೂರು ಸಲ ಜಾಗ ಬದಲಾಯಿಸಿ ಕೂರಿಸಿದೆ. ಎಲ್ಲಿ ಕೂರಿಸಿದರೂ ಅಲ್ಲೊಂದು ಸಂತೆ ಸೇರುತ್ತಿತ್ತು. ಬಾಯಿಗೊಂದು ಬೀಗ ಹಾಕಬೇಕು ನಿನಗೆ ಎಂದು ಆಗಾಗ ಬೈಯುತ್ತಿದ್ದೆ. ಆ ಮಾತನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ದಸರಾ ರಜೆಗೆ ಊರಿಗೆ ಹೋಗಿ ಬಂದೆ. ಬಂದು ನೋಡಿದರೆ ಲಚ್ಚಿ ಸಪ್ಪಗಿದ್ದಳು. ಕಣ್ಣಿನ ಕೆಳಗೆ ಕಪ್ಪು. ಬೆಳಗ್ಗೆ ಎದ್ದಾಗ ಬಾಯಿಯ ಒಂದು ಪಕ್ಕದಲ್ಲಿ ಜೊಲ್ಲು ಒಣಗಿರುತ್ತಿತ್ತು. ಮಕ್ಕಳಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡೆ. ಆಮೇಲೆ ಮಗ್ಗಿಯಲ್ಲಿ ತಡವರಿಸಿದಳು. ನಿನ್ನೆ ಹೇಳಿದ್ದು ಇವತ್ತು ಇಲ್ಲ. ಬಳಪದ ಕಡ್ಡಿ ಕೈಯಿಂದ ಜಾರಿ ಬೀಳುತ್ತಿತ್ತು. ಹುಣಸೆಹಣ್ಣಿಗೆ ಹೆಸರು ಸಿಕ್ಕದೆ "ಅದು, ಅದು" ಎನ್ನುತ್ತ ನಾಲಿಗೆ ಚಪ್ಪರಿಸಿ ತೋರಿಸುತ್ತಿದ್ದಳು. ಕಾರ್ತೀಕ ಮಾಸ ಬರುವ ಹೊತ್ತಿಗೆ ಕರೆದರೆ ತಿರುಗಿ ನೋಡುವುದನ್ನೇ ಬಿಟ್ಟಳು. ಬೆನ್ನ ಹಿಂದೆ ತಟ್ಟೆ ಬಿದ್ದ ಸದ್ದಿಗೆ ಬೆಚ್ಚುತ್ತಿದ್ದಳು, ಹೆಸರು ಕೂಗಿದರೆ ಮಾತ್ರ ಕಲ್ಲಿನ ಹಾಗೆ ಕೂತಿರುತ್ತಿದ್ದಳು. ಇದು ಬೇಕೆಂದೇ ಮಾಡುವ ತುಂಟಾಟ ಎಂದು ನಾನು ತೀರ್ಮಾನಿಸಿಬಿಟ್ಟೆ. ಸದ್ದು ಕೇಳುವ ಕಿವಿಗೆ ಹೆಸರು ಕೇಳುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಒಂದು ದಿನ ಐದು ಸಲ ಹೆಸರು ಕೂಗಿ, ಆರನೆಯದಕ್ಕೆ ಕೋಲು ತೆಗೆದುಕೊಂಡು ಅಂಗೈ ಮೇಲೆ ನಾಲ್ಕು ಏಟು ಕೊಟ್ಟೆ. ಅವಳು ಅಳಲಿಲ್ಲ. ಕೈಯನ್ನು ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಕೈಯನ್ನು ನೋಡಿದಳು. ಭಯವಲ್ಲ ಅದು. ಇದು ಯಾಕೆ ಎಂದು ಕೇಳುವ ನೋಟ, ಕೇಳುವುದಕ್ಕೆ ಮಾತು ಇರಲಿಲ್ಲ ಅಷ್ಟೆ.

ಅದಾದ ಒಂದು ವಾರಕ್ಕೆ, ಒಂದು ಭಾನುವಾರ ಮಧ್ಯಾಹ್ನ, ಲಚ್ಚಿ ಸೊಪ್ಪಿನ ಮೂಟೆಗೆ ಒರಗಿ ತೂಕಡಿಸುತ್ತಿದ್ದಳು. ನಾನು ಜಗುಲಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದೆ. ಇದ್ದಕ್ಕಿದ್ದಂತೆ ಅವಳ ಗಂಟಲಿನಿಂದ ಗೊಳಗೊಳ ಎಂಬ ಸದ್ದು ಬಂತು. ನೋಡಿದರೆ ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡು ಕೆನ್ನೆ ಪಟಪಟ ಅದುರುತ್ತಿತ್ತು, ಜೊಲ್ಲು ಸುರಿಯುತ್ತಿತ್ತು, ಬಲಗೈ ಸೊಪ್ಪನ್ನು ಹಿಡಿದು ಎಳೆಯುತ್ತಿತ್ತು. ನಾನು ಕೂಗಿಕೊಂಡೆ. ಒಳಗಿಂದ ಅಜ್ಜಿ ಓಡಿ ಬಂದವರು ಸೊಂಟದಿಂದ ಕಬ್ಬಿಣದ ಬೀಗದ ಕೈ ತೆಗೆದು ಮಗುವಿನ ಅಂಗೈಗೆ ಒತ್ತಿ ಹಿಡಿದರು. ನಾನು ನೂರು ಎಣಿಸುವಷ್ಟು ಹೊತ್ತಿನಲ್ಲಿ ಎಲ್ಲ ನಿಂತಿತು. ಲಚ್ಚಿ ಕಣ್ಣು ಬಿಟ್ಟಳು. ಏನೋ ಹೇಳಲು ನೋಡಿದಳು, ಬರಲಿಲ್ಲ.

"ನೋಡ್ಬಿಟ್ರಲ್ಲ ಮೇಷ್ಟ್ರಮ್ಮ" ಎಂದರು ಅಜ್ಜಿ. "ನಿಮ್ ಕಾಲಿಗೆ ಬೀಳ್ತೀನಿ, ಊರಲ್ಲಿ ಆಡ್ಬೇಡಿ. ಹೆಣ್ಮಗ."

ಆಗ ಎಲ್ಲ ಹೊರಗೆ ಬಂತು. ಶುರುವಾಗಿ ಎರಡು ತಿಂಗಳಾಗಿತ್ತಂತೆ. ಬರುವುದು ನಿದ್ದೆಯಲ್ಲಿ ಮಾತ್ರ. ಆ ಮನೆಯಲ್ಲಿ ಯಾರೂ ಆ ಕಾಯಿಲೆಯ ಹೆಸರು ಹೇಳುತ್ತಿರಲಿಲ್ಲ. ಹೆಸರು ಹೇಳಿದರೆ ಕೇಳಿಸಿಕೊಂಡು ಬಂದುಬಿಡುತ್ತದೆ ಎಂದು ನಂಬಿಕೆ. "ಅದು ಬಂತು", "ಅದು ಹೋಯ್ತು" ಎನ್ನುವರು. ತಾಯತ ಕಟ್ಟಿಸಿದ್ದಾಗಿತ್ತು, ಆವತಿಯ ಕಡೆಯಿಂದ ಯಾರೋ ಕೊಟ್ಟ ಬೂದಿ ಹಚ್ಚಿದ್ದಾಗಿತ್ತು. ಕೊನೆಗೆ ಮುನಿಶಾಮಣ್ಣ ತಮ್ಮದೇ ಒಂದು ದಾರಿ ಕಂಡುಕೊಂಡಿದ್ದರು. ಅದು ಬರುವುದು ನಿದ್ದೆಯಲ್ಲಿ ತಾನೆ? ನಿದ್ದೆಯನ್ನೇ ಮಾಡದಿದ್ದರೆ?

ಹುಳು ಸಾಕುವ ಮನೆಯಲ್ಲಿ ಇದು ಕಷ್ಟದ ಕೆಲಸವಲ್ಲ. ಕೊನೆಯ ಹಂತದ ಹುಳುವಿಗೆ ಹಸಿವು ಜಾಸ್ತಿ, ರಾತ್ರಿಯಲ್ಲೂ ಎದ್ದು ಸೊಪ್ಪು ಹಾಕಲೇಬೇಕು. ಒಬ್ಬರಲ್ಲ ಒಬ್ಬರು ಎದ್ದೇ ಇರುತ್ತಾರೆ. ಹಾಗಾಗಿ ಲಚ್ಚಿಯನ್ನೂ ಅವರ ಜೊತೆಗೆ ಕೂರಿಸಿಕೊಂಡು, ತೂಕಡಿಸಿದರೆ ಕಣ್ಣಿಗೆ ನೀರು ಹಚ್ಚಿ, ಎಲೆ ಹರಡಲು ಹಚ್ಚುತ್ತಿದ್ದರು. ನಸುಕಿನಲ್ಲಿ ಒಂದಿಷ್ಟು ಮಲಗಿದರೆ ಮಲಗಿದಳು. ಓದಿದವಳು ನಾನು, ಆಗಲಾದರೂ ಬುದ್ಧಿ ಹೇಳಬೇಕಿತ್ತಲ್ಲವೆ? ಇಲ್ಲ. ನನಗೂ ಅದು ಸರಿಯಾಗಿಯೇ ಕಂಡಿತು! ಅಷ್ಟೇ ಅಲ್ಲ, ನಾನೂ ಕೈಜೋಡಿಸಿದೆ. ಏಟು ಕೊಟ್ಟ ಕೈ ಸುಡುತ್ತಿತ್ತು, ಏನಾದರೂ ಮಾಡಬೇಕಿತ್ತು. ಊಟವಾದ ಮೇಲೆ ಲಾಟೀನು ಹಚ್ಚಿಕೊಂಡು ಲಚ್ಚಿಯನ್ನು ಎದುರಿಗೆ ಕೂರಿಸಿಕೊಂಡು ಮರೆತುಹೋದ ಮಗ್ಗಿಯನ್ನು ಮತ್ತೆ ಹೇಳಿಸುತ್ತಿದ್ದೆ. ಅವಳ ತಲೆ ವಾಲಿದರೆ ಗಲ್ಲ ಹಿಡಿದು ಎತ್ತುತ್ತಿದ್ದೆ. ಎಚ್ಚರವಾಗಿಟ್ಟ ಹಾಗೂ ಆಯಿತು, ಪಾಠವೂ ಆಯಿತು ಎಂದು ನನ್ನ ಲೆಕ್ಕ. ಸಂಕ್ರಾಂತಿಯ ಹೊತ್ತಿಗೆ ಅವಳಲ್ಲಿ ಹತ್ತು ಮಾತು ಉಳಿದಿದ್ದರೆ ಹೆಚ್ಚು.

ಹೆಡ್‌ಮಾಸ್ಟರು ಕೆಟ್ಟವರಲ್ಲ. ಆದರೆ ಕ್ಲಾಸಿನಲ್ಲಿ ಗೋಡೆ ನೋಡುತ್ತ ಕೂರುವ ಮಗು ಅವರಿಗೂ ತಲೆನೋವಾಗಿತ್ತು. "ಕಿವುಡು ಮಗು ಕಣಮ್ಮ ಅದು. ಹೆಸರು ಹೊಡೆದುಹಾಕು, ಮನೇಲಿ ಸೊಪ್ಪು ಬಿಡಿಸ್ಕೊಂಡಿರಲಿ" ಎಂದರು. ಮುನಿಶಾಮಣ್ಣನೂ ಆಗಲೇ ಸೋತಿದ್ದರು. "ಬುದ್ಧಿ ಹೋದ ಮಗೀಗೆ ಬುಕ್ಕು ಯಾಕೆ" ಎಂದು ಜಗುಲಿಯಲ್ಲಿ ಕೂತು ನೆಲ ನೋಡಿದರು. ಯುಗಾದಿ ಕಳೆಯುವವರೆಗೆ ತಡೆಯಿರಿ ಎಂದು ನಾನು ಇಬ್ಬರ ಹತ್ತಿರವೂ ಬೇಡಿಕೊಂಡೆ. ಏನು ನಂಬಿ ಬೇಡಿಕೊಂಡೆನೋ ನನಗೇ ಗೊತ್ತಿರಲಿಲ್ಲ.

ಆ ತಿಂಗಳ ಹೊಸ ಬೆಳೆಯ ಹುಳು ಎರಡನೇ ಜ್ವರಕ್ಕೆ ಕೂತಿದ್ದವು. ಹುಳು ಪೊರೆ ಬಿಡುವ ಮೊದಲು ಒಂದು ದಿನ ಮೇವು ಮುಟ್ಟದೆ, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತುಬಿಡುತ್ತವೆ. ಅದಕ್ಕೆ ಅವರು ಜ್ವರ ಎನ್ನುತ್ತಾರೆ. ನಿಜವಾಗಿ ಅದು ಹುಳುವಿನ ನಿದ್ದೆ. ಒಂದು ಸಂಜೆ ನಾನು ಪಿಳ್ಳಮ್ಮನ ಜೊತೆ ಮಾತಾಡುತ್ತ ನಿಂತವಳು, ಎಲ್ಲಿ ಸತ್ತಿವೆಯೋ ಎಂದು ಒಂದು ಹುಳುವನ್ನು ಬೆರಳಿನಿಂದ ತಳ್ಳಿ ನೋಡಿದೆ. ಪಿಳ್ಳಮ್ಮ ನನ್ನ ಕೈಗೆ ಪಟ್ಟನೆ ಹೊಡೆದರು.

"ಮುಟ್ಬೇಡಿ ಮೇಷ್ಟ್ರಮ್ಮ! ಜ್ವರಕ್ಕೆ ಕೂತಿರೋ ಹುಳಾನ ಅಲ್ಲಾಡಿಸ್ಬಾರ್ದು. ನಿದ್ದೆ ಕೆಡಿಸಿದ್ರೆ ಪೊರೆ ಬಿಡಾಕಿಲ್ಲ, ಬೆಳೆಯಾಕಿಲ್ಲ, ಅಂಗೇ ಸೊರಗಿ..." ಎಂದವರು ಅಲ್ಲಿಗೇ ನಿಂತುಬಿಟ್ಟರು.

ಮೂಲೆಯಲ್ಲಿ ಲಚ್ಚಿ ಕಂಬಕ್ಕೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ಅಜ್ಜಿ ಎಂದಿನಂತೆ ನೀರಿನ ಚೊಂಬು ಹಿಡಿದು ಅವಳ ಕಡೆಗೆ ಹೋಗುತ್ತಿದ್ದರು. ಪಿಳ್ಳಮ್ಮ ಮಗಳನ್ನು ನೋಡಿದರು, ತಟ್ಟೆ ನೋಡಿದರು. ಕೈಯಲ್ಲಿದ್ದ ಸೊಪ್ಪು ಕೆಳಗೆ ಬಿತ್ತು.

"ಅತ್ತೆ, ಬಿಡಿ. ಎಬ್ಬಿಸ್ಬೇಡಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಹುಳಕ್ಕೆ ಮಾಡೋ ಆರೈಕೆ ನನ್ನ ಮಗೀಗೆ ಮಾಡ್ಲಿಲ್ಲವಲ್ಲ ಮೇಷ್ಟ್ರಮ್ಮ" ಎಂದು ಅಳುವುದಕ್ಕೆ ಶುರು ಮಾಡಿದರು. ನಾನೇನು ಮಾಡಿದ್ದೆ? ಗಲ್ಲ ಹಿಡಿದು ಎತ್ತಿದ್ದೆ.

ಅವತ್ತು ಲಚ್ಚಿ ಮಲಗಿದಳು. ಅದು ಬಂತು, ಹೋಯಿತು, ಮತ್ತೆ ಮಲಗಿದಳು. ನಿದ್ದೆ ಮಾಡಿಸಿದ್ದರಿಂದಲೇ ಕಾಯಿಲೆ ಹೋಗಲಿಲ್ಲ, ಅದೇನು ಅಷ್ಟು ಸುಲಭವೇ. ಆದರೆ ಆ ಸಂಜೆಯಿಂದ ಪಿಳ್ಳಮ್ಮ ಬೇರೆ ಹೆಂಗಸಾದರು. ಗುಟ್ಟು ಗಿಟ್ಟು ಎಲ್ಲ ಆಚೆಗಿಟ್ಟು, ಗಂಡನ ಮಾತಿಗೂ ಕಾಯದೆ, ನನ್ನನ್ನು ಕರೆದುಕೊಂಡು ದೇವನಹಳ್ಳಿಯ ಡಾಕ್ಟರ ಹತ್ತಿರ ಹೊರಟರು. ಆ ಡಾಕ್ಟರು ಒಂದು ಚೀಟಿ ಬರೆದುಕೊಟ್ಟು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಶಿವರಾತ್ರಿ ಕಳೆದ ಮಾರನೇ ವಾರ ನಾನು ರಜೆ ಹಾಕಿದೆ. ಮುದ್ದೆ, ಹುರುಳಿಕಾಳಿನ ಬುತ್ತಿ ಕಟ್ಟಿಕೊಂಡು ನಾವು ನಾಲ್ಕು ಜನ ಹೆಂಗಸರು, ಅಂದರೆ ಅಜ್ಜಿ, ಪಿಳ್ಳಮ್ಮ, ನಾನು, ಲಚ್ಚಿ, ಬೆಳಗಿನ ಬಸ್ಸು ಹತ್ತಿದೆವು. ಲಚ್ಚಿಗೆ ಮೊದಲ ಸಲ ಬೆಂಗಳೂರು. ಮೊದಲಿನ ಲಚ್ಚಿಯಾಗಿದ್ದರೆ ದಾರಿಯುದ್ದಕ್ಕೂ ಕಂಡಕ್ಟರಿನ ತಲೆ ತಿಂದುಬಿಡುತ್ತಿದ್ದಳು. ಇವಳು ಕಿಟಕಿಯಲ್ಲಿ ಸುಮ್ಮನೆ ನೋಡುತ್ತ ಕೂತಿದ್ದಳು.

ಆಸ್ಪತ್ರೆಯಲ್ಲಿ ತಲೆಗೆ ಜಿಗಟು ಜಿಗಟಾದ ಏನನ್ನೋ ಹಚ್ಚಿ, ಹತ್ತಾರು ಕಡೆ ತಂತಿ ಅಂಟಿಸಿದರು. ಒಂದು ಯಂತ್ರದ ಮೇಲೆ ಕಾಗದ ಸರಿಯುತ್ತಿತ್ತು, ಸಾಲಾಗಿ ನಿಂತ ಮುಳ್ಳುಗಳು ಅದರ ಮೇಲೆ ಗೆರೆ ಎಳೆಯುತ್ತಿದ್ದವು. ನೇಕಾರರ ಮನೆಯವಳಿಗೆ ಅದು ಮಗ್ಗಕ್ಕೆ ಉದ್ದೆಳೆಗಳ ಹಾಸು ಹೂಡಿದ ಹಾಗೆ ಕಂಡಿತು. ಗೆರೆಗಳು ಸಣ್ಣಗೆ ಅಲ್ಲಾಡಿದರೂ ತಮ್ಮ ತಮ್ಮ ಸಾಲಿನಲ್ಲೇ ಹೋಗುತ್ತಿದ್ದವು. ಡಾಕ್ಟರು ಸ್ವಲ್ಪ ಹೊತ್ತು ನೋಡಿ, "ಎಚ್ಚರ ಇರುವಾಗ ಅಂಥದ್ದೇನಿಲ್ಲ. ಮಗೂನ ಮಲಗಿಸಿ ನೋಡೋಣ" ಎಂದರು.

"ಮಲಗಿಸ್ಬೇಡಿ ಸಾಮಿ, ಬಂದುಬಿಡ್ತದೆ" ಎಂದು ಅಜ್ಜಿ ಕೈ ಮುಗಿದರು.

"ಬರಬೇಕು ಅಜ್ಜಿ. ಅದನ್ನ ನೋಡೋಕೇ ಕರೆಸಿರೋದು."

ಹೊಸ ಜಾಗ, ಲಚ್ಚಿ ಮಲಗಲಿಲ್ಲ. ನಾಲ್ಕು ತಿಂಗಳು ನಿದ್ದೆಯನ್ನು ಓಡಿಸಲು ಕಲಿಸಿದ್ದೆವಲ್ಲ, ಅದೊಂದು ಪಾಠ ಮಾತ್ರ ಅವಳು ಮರೆತಿರಲಿಲ್ಲ. ಕಣ್ಣು ಎಳೆಯುತ್ತಿದ್ದ ಹಾಗೆ ತೊಡೆಯನ್ನು ತಾನೇ ಚಿವುಟಿಕೊಳ್ಳುವಳು. ಬೆಚ್ಚಿ ಕಣ್ಣು ಬಿಟ್ಟು, ಬೈಯುತ್ತಾರೇನೋ ಎಂದು ಅಮ್ಮನ ಮುಖ ನೋಡುವಳು. ನರ್ಸಮ್ಮ ದೀಪ ಆರಿಸಿದರು, ಕಿಟಕಿ ಮುಚ್ಚಿದರು. ಆಗಲಿಲ್ಲ. ಕಡೆಗೆ ಪಿಳ್ಳಮ್ಮ ಮಂಚದ ಪಕ್ಕ ನೆಲದ ಮೇಲೆ ಕೂತು, ಮಗಳ ಚಿವುಟುವ ಕೈಯನ್ನು ತಮ್ಮ ಕೈಯೊಳಗೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ಎದೆ ತಟ್ಟತೊಡಗಿದರು. "ಮಲಕ್ಕೋ ನನ್ ಕಂದ. ಯಾರೂ ಬೈಯಾಕಿಲ್ಲ. ಮಲಕ್ಕೋ" ಎಂದು ಅದನ್ನೇ ಹೇಳುತ್ತ ಹೋದರು. ಮಾತು ಅರ್ಥವಾಗದ ಮಗುವಿಗೆ ಅದು ಹೇಗೆ ಮುಟ್ಟಿತೋ ಕಾಣೆ. ಕೈ ಸಡಿಲವಾಯಿತು. ಉಸಿರು ನಿಧಾನವಾಯಿತು.

ಮುಳ್ಳುಗಳಿಗೆ ಹುಚ್ಚು ಹಿಡಿಯಿತು. ಸಾಲಾಗಿ ಹೋಗುತ್ತಿದ್ದ ಗೆರೆಗಳು ಮೇಲಕ್ಕೂ ಕೆಳಕ್ಕೂ ಚಿಮ್ಮಿ ಒಂದರೊಳಗೊಂದು ಸಿಕ್ಕಾದವು. ವಿಚಿತ್ರವೆಂದರೆ ಲಚ್ಚಿ ಅಲ್ಲಾಡಲಿಲ್ಲ. ಬಾಯಿ ಸೊಟ್ಟವಾಗಲಿಲ್ಲ, ಜೊಲ್ಲು ಸುರಿಯಲಿಲ್ಲ. ಹೊರಗೆ ಹಾಯಾಗಿ ಮಲಗಿದ ಮಗು, ಕಾಗದದ ಮೇಲೆ ಮಾತ್ರ ಈ ದೊಂಬಿ. ಮನೆಯಲ್ಲಿ ನಾವು ನೋಡಿದ್ದು ಎರಡೋ ಮೂರೋ ನಿಮಿಷದ ಸೆಳೆತ. ಅದು ಅವಳ ತಲೆಯೊಳಗೆ ನಿದ್ದೆಯುದ್ದಕ್ಕೂ ನಡೆದೇ ಇತ್ತು.

ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ನಾನು ಆ ಮಾತುಗಳನ್ನು ಇವತ್ತಿಗೂ ಹಾಗೇ ಇಟ್ಟುಕೊಂಡಿದ್ದೇನೆ. "ಮಗು ಕಿವುಡಲ್ಲ, ಹುಚ್ಚೂ ಅಲ್ಲ. ಹಗಲು ಕಲಿತದ್ದನ್ನ ಮೆದುಳು ನಿದ್ದೆಯಲ್ಲಿ ಒಪ್ಪ ಮಾಡಿ ಇಟ್ಕೊಳ್ಳುತ್ತೆ ಅಂತ ನಾವು ಅಂದ್ಕೊಂಡಿದೀವಿ. ಈ ಮಗೂಗೆ ಆ ಹೊತ್ತಿಗೇ ತಲೆಯೊಳಗೆ ಗಲಾಟೆ. ಕಿವಿಗೆ ಸದ್ದು ಬೀಳ್ತಿದೆ, ಅದು ಮಾತು ಅಂತ ಮೆದುಳಿಗೆ ಗೊತ್ತಾಗ್ತಿಲ್ಲ. ಇದರ ಬಗ್ಗೆ ನಮಗೂ ಇನ್ನೂ ಪೂರ್ತಿ ತಿಳಿದಿಲ್ಲ."

"ನಾವು ನಿದ್ದೆಗೆಡಿಸಿದ್ದಕ್ಕೆ ಬಂತಾ ಸಾಮಿ?" ಎಂದು ಪಿಳ್ಳಮ್ಮ ಕೇಳಿದರು.

"ಇಲ್ಲಮ್ಮ, ನೀವು ತಂದದ್ದಲ್ಲ. ನಿದ್ದೆ ಕೆಟ್ಟಷ್ಟೂ ಅದಕ್ಕೆ ಬಲ ಬರುತ್ತೆ ಅಷ್ಟೆ. ಇನ್ನು ಮೇಲೆ ಹೊತ್ತಿಗೆ ಸರಿಯಾಗಿ ಮಲಗಿಸಿ. ಪಿಟ್ಸು ದೊಡ್ಡವಳಾಗ್ತಾ ನಿಂತುಹೋಗೋದೇ ಹೆಚ್ಚು. ಅಷ್ಟರೊಳಗೆ ಮಾತು ಎಷ್ಟು ವಾಪಸ್ ಬರುತ್ತೋ ನಾನು ಹೇಳಲಾರೆ. ಮಾತ್ರೆ ಬಿಡಬೇಡಿ. ಸ್ಕೂಲು ಬಿಡಿಸಬೇಡಿ." ಆ ಕೊನೆಯ ಮಾತು ಕೇಳಿ ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು. ಬೀಗದ ಕೈ ಇಟ್ಟುಕೊಳ್ಳಬಹುದಾ ಎಂದು ಅಜ್ಜಿ ಕೇಳಿದರು. ಬಾಯಿಗೆ ಮಾತ್ರ ಇಡಬೇಡಿ ಎಂದು ಡಾಕ್ಟರು ನಕ್ಕರು.

ಹೆಡ್‌ಮಾಸ್ಟರ ಮುಂದೆ ಹೋಗಿ ನಿಂತು, "ಡಾಕ್ಟರು ಹೇಳವ್ರೆ ಸಾರ್, ಹೆಸರು ಹೊಡೆಯೋ ಹಾಗಿಲ್ಲ. ಪಾಸು ಮಾಡೋದು ಬೇಡ, ಇನ್ನೊಂದು ವರ್ಷ ನನ್ನ ಕ್ಲಾಸಲ್ಲೇ ಕೂರಿಸ್ಕೊಳ್ತೀನಿ" ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. "ಕೂರಿಸ್ಕೊಳಮ್ಮ. ನಿಂಗೆ ಬ್ಯಾಡ ಅಂದ್ರೆ ನಂಗೆ ನಿದ್ದೆ ಇರಾಕಿಲ್ಲ" ಎಂದರು. ಹೀಗೆ ಲಚ್ಚಿ ಮೂರನೇ ಕ್ಲಾಸಿನಲ್ಲಿ ಉಳಿದಳು. ಅದನ್ನು ನನ್ನ ದೊಡ್ಡ ಗೆಲುವು ಎಂದು ಬೀಗಿದ್ದೆ.

ಮೊದಲು ಕೊಟ್ಟ ಮಾತ್ರೆ ಹಿಡಿಸಲಿಲ್ಲ, ಹಗಲೆಲ್ಲ ಮಂಕು ಕವಿದ ಹಾಗೆ ಇರುತ್ತಿದ್ದಳು. ಮತ್ತೆ ಬೆಂಗಳೂರಿಗೆ ಹೋದೆವು, ಬದಲಾಯಿಸಿದರು. ಮನೆಯಲ್ಲಿ ಕ್ರಮ ಬದಲಾಯಿತು. ಮುನಿಶಾಮಣ್ಣ ಲಚ್ಚಿಯ ಹಾಸಿಗೆಯನ್ನು ಹುಳದ ಮನೆಯಿಂದ ದೂರಕ್ಕೆ, ನನ್ನ ಕೋಣೆಗೆ ಸಾಗಿಸಿದರು. ಕತ್ತಲಾದರೆ ಯಾರೂ ಜೋರಾಗಿ ಮಾತಾಡುವಂತಿರಲಿಲ್ಲ. ಹುಳು ಜ್ವರಕ್ಕೆ ಕೂತಾಗ ಇದ್ದ ಶಿಸ್ತು ಈಗ ದಿನಾ. ಅಜ್ಜಿ ದಿಂಬಿನ ಕೆಳಗೆ ಬೀಗದ ಕೈ ಇಡುವರು, ನಾನು ನೀರು ಕೊಟ್ಟು ಮಾತ್ರೆ ನುಂಗಿಸುವೆ. ಯಾವುದು ಕೆಲಸ ಮಾಡಿತು ಎಂದು ನಾವಿಬ್ಬರೂ ಜಗಳ ಆಡಲಿಲ್ಲ.

ಬೇಸಿಗೆಯೆಲ್ಲ ಹಾಗೇ ಕಳೆಯಿತು. ನಾನು ಮಾತು ಬಿಟ್ಟು ಚಿತ್ರ ಹಿಡಿದೆ. ಸ್ಲೇಟಿನ ಮೇಲೆ ಹಸು ಬರೆದರೆ ಅವಳು ಕೊಟ್ಟಿಗೆ ತೋರಿಸುವಳು. ಕೊಡ ಬರೆದರೆ ಬಾವಿ. ನನ್ನ ಹಸುವನ್ನು ನೋಡಿ ಕೊಟ್ಟಿಗೆ ತೋರಿಸಿದ್ದೇ ಅವಳ ಬುದ್ಧಿ ಎಲ್ಲಿಗೂ ಹೋಗಿಲ್ಲ ಎನ್ನುವುದಕ್ಕೆ ಸಾಕ್ಷಿ, ಅಷ್ಟು ಕೆಟ್ಟದಾಗಿ ಬರೆಯುತ್ತಿದ್ದೆ. ಮುಂಗಾರು ಬಿದ್ದು ತೋಟದಲ್ಲಿ ಹೊಸ ಚಿಗುರು ಬಂದಾಗ ಒಂದೊಂದೇ ಮಾತು ಬರತೊಡಗಿತು. ಸೊಪ್ಪು. ಅವ್ವ. ಬಾ. ತುಟಿ ನೋಡಿಕೊಂಡು, ನಿಧಾನಕ್ಕೆ, ಕೆಸರಿನಲ್ಲಿ ಕಾಲು ಇಡುವವರ ಹಾಗೆ ಒಂದೊಂದನ್ನೇ ಇಡುತ್ತಿದ್ದಳು. ಆದರೆ ಮಾತಿಗೆ ಮಾತು ಸೇರ್ಪಡೆ ಆಗುತ್ತಿರಲಿಲ್ಲ. ಪಿಳ್ಳಮ್ಮ ಕಾಯುತ್ತಿದ್ದರು. ನಾನೂ.

ಆಷಾಢದ ಒಂದು ಭಾನುವಾರ ಊರಿನಲ್ಲಿ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು ಎಂದು ನಾನು ದೊಡ್ಡಬಳ್ಳಾಪುರಕ್ಕೆ ಹೊರಟಿದ್ದೆ. ಆಷಾಢದಲ್ಲಿ ಯಾರು ಹೆಣ್ಣು ನೋಡುತ್ತಾರೆ ಎಂದು ಅಜ್ಜಿ ಬೆಳಗ್ಗೆಯಿಂದ ಗೊಣಗುತ್ತಿದ್ದರು. ಹೊಸ ಸೀರೆ ಉಟ್ಟು, ಮುಖಕ್ಕೆ ಎರಡು ಪಟ್ಟು ಪೌಡರು ಬಳಿದುಕೊಂಡು, ಹೋಗಿ ಬರುತ್ತೇನೆ ಎಂದು ಹೇಳಲು ಆತುರದಲ್ಲಿ ನೇರ ಹುಳದ ಮನೆಗೇ ನುಗ್ಗಿಬಿಟ್ಟೆ. ಲಚ್ಚಿ ತಟ್ಟೆಯ ಹತ್ತಿರ ನಿಂತಿದ್ದಳು. ನನ್ನನ್ನು ನೋಡಿದವಳೇ ಎರಡೂ ಕೈ ಅಡ್ಡ ಹಿಡಿದು ಕಿರುಚಿದಳು:

"ಪೌಡ್ರು ಹಾಕ್ಕೊಂಡು ಬರ್ಬೇಡಿ! ಹುಳ ಸಾಯ್ತವೆ! ಆಚೆ ಹೋಗಿ ಮೇಷ್ಟ್ರಮ್ಮ!"

ಒಂದೇ ಉಸಿರಿಗೆ. ಮೊದಲಿನದೇ ಜೋರು, ಮೊದಲಿನದೇ ಅಧಿಕಾರ. ಪಿಳ್ಳಮ್ಮನ ಕೈಯಲ್ಲಿದ್ದ ಸೊಪ್ಪಿನ ಪುಟ್ಟಿ ಹಾಗೇ ನಿಂತಿತು. ನಾನು ಆಚೆ ಹೋಗುವ ಬದಲು ಅಲ್ಲೇ ನಿಂತು ಗಳಗಳ ಅತ್ತೆ. ಪೌಡರೆಲ್ಲ ತೊಳೆದುಹೋಯಿತು. ಆ ಗಂಡಿನ ಕಡೆಯವರು ನನ್ನನ್ನು ಒಪ್ಪಲಿಲ್ಲ ಎನ್ನುವುದು ಬೇರೆ ಮಾತು. ಅವತ್ತಿನ ನನ್ನ ಖುಷಿಗೆ ಅದೇನೂ ಅಡ್ಡಿಯಾಗಲಿಲ್ಲ.

ಆಮೇಲೆ ನಾನು ಆ ಊರಿನಲ್ಲಿ ಇನ್ನೂ ಐದು ವರ್ಷ ಇದ್ದೆ. ಲಚ್ಚಿ ಮೂರು, ನಾಲ್ಕು ಎಂದು ಒಂದೊಂದೇ ಕ್ಲಾಸು ಏರಿದಳು. ಪಿಟ್ಸು ಅಪರೂಪವಾಗಿ, ಕಡೆಗೆ ನಿಂತಿತು. ಡಾಕ್ಟರು ಮಾತ್ರೆ ಇಳಿಸಿ ಇಳಿಸಿ ನಿಲ್ಲಿಸಿದರು. ಮಾತು ಹಿಂದಿನಷ್ಟು ಬರಲಿಲ್ಲ ಎಂದು ನಾನು ಹೇಳಬೇಕು, ಒಮ್ಮೊಮ್ಮೆ ನಡುವೆ ನಿಂತು ಒಂದು ಪದಕ್ಕಾಗಿ ಹುಡುಕುತ್ತಿದ್ದಳು. ಲೆಕ್ಕ ಮಾತ್ರ ಚುರುಕು. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಪಾಸು ಮಾಡಿದಳು. ಅದೇ ಬೇಸಿಗೆ ನನಗೆ ದೊಡ್ಡಬೆಳವಂಗಲಕ್ಕೆ ವರ್ಗವಾಯಿತು.

ಹೊರಡುವ ದಿನ ಲಚ್ಚಿ ನನ್ನ ಟ್ರಂಕಿನ ಒಂದು ಕಿವಿ ಹಿಡಿದಳು, ಇನ್ನೊಂದು ನಾನು. ಬಸ್ಸು ನಿಲ್ಲುವ ಅರಳಿಮರಕ್ಕೆ ಅರ್ಧ ಮೈಲಿ. ಅರ್ಧ ದಾರಿಯಲ್ಲಿ ಕೈ ಸೋತು ಟ್ರಂಕು ಇಳಿಸಿ ಅದರ ಮೇಲೆ ಕೂತೆವು. ಹೈಸ್ಕೂಲಿಗೆ ಎಲ್ಲಿ ಸೇರುತ್ತೀಯ ಎಂದು ಕೇಳಿದೆ.

"ಸೇರಾಕಿಲ್ಲ ಮೇಷ್ಟ್ರಮ್ಮ. ಅಪ್ಪ ಕಳಿಸ್ತೀನಿ ಅಂತು. ನಾನೇ ಬ್ಯಾಡ ಅಂದೆ."

"ಯಾಕೆ?"

"ನಂಗೆ ತಲೆ ಇಲ್ಲ. ಮೂರ್ನೇ ಕ್ಲಾಸೇ ಎರಡು ಸಲ ಓದಿದೋಳು ನಾನು. ಹೈಸ್ಕೂಲು ಆಗ್ತದಾ?"

ಆರು ವರ್ಷ ಒಂದೇ ಸೂರಿನಡಿ ಇದ್ದು ನಾನು ಇದನ್ನು ಯೋಚಿಸಿರಲಿಲ್ಲ. "ಯಾಕೆ ಎರಡು ಸಲ ಕೂತೆ ಅಂತ ನಿಂಗೆ ನೆನಪಿಲ್ವಾ?" ಎಂದೆ.

"ಇಲ್ಲ. ಆ ವರ್ಷದ್ದು ಒಂದೂ ನೆನಪಿಲ್ಲ. ಅವ್ವನ ಕೇಳಿದ್ರೆ ಸುಮ್ನಿರು ಅಂತದೆ. ದಡ್ಡಿ ಆಗಿದ್ದೆ, ಬೇಜಾರಾಗ್ತದೆ ಅಂತ ಹೇಳಾಕಿಲ್ಲ ಅಂದ್ಕೊಂಡೆ."

ಆ ಮನೆಯವರು ಅದರ ಹೆಸರು ಹೇಳುವವರಲ್ಲ. ವಾಸಿಯಾದ ಮೇಲಂತೂ ಸೊಲ್ಲೇ ಎತ್ತಿರಲಿಲ್ಲ. ನಾನೂ ಅವರ ಮನೆಯ ಕಟ್ಟಳೆ ಎಂದು ಬಾಯಿ ಹೊಲಿದುಕೊಂಡಿದ್ದೆ. ಮಾತ್ರೆ ಯಾಕೆ ಎಂದರೆ ಶಕ್ತಿಗೆ ಎಂದುಬಿಡುತ್ತಿದ್ದೆವು. ಅವಳು ಕಳೆದುಕೊಂಡ ವರ್ಷದ ಜಾಗದಲ್ಲಿ ತಾನು ದಡ್ಡಿ ಎಂಬುದೊಂದನ್ನು ಇಟ್ಟುಕೊಂಡು ಇಷ್ಟು ದೊಡ್ಡವಳಾಗಿದ್ದಳು.

ಟ್ರಂಕಿನ ಮೇಲೆ ಕೂತಲ್ಲೇ ಎಲ್ಲ ಹೇಳಿದೆ. ಮೊದಲ ಸಲ ಅದರ ಹೆಸರು ಹಿಡಿದು ಹೇಳಿದೆ. ಸೊಪ್ಪಿನ ಮೂಟೆ, ಅಜ್ಜಿ ಹಿಡಿಯುತ್ತಿದ್ದ ನೀರಿನ ಚೊಂಬು, ಆಸ್ಪತ್ರೆಯ ಗೆರೆಗಳು, ಎದೆ ತಟ್ಟಿದ ಅವ್ವ. ನಾನು ಕೊಟ್ಟ ನಾಲ್ಕು ಏಟನ್ನೂ ಹೇಳಿದೆ, ತಪ್ಪಾಯಿತು ಕಣೇ ಎಂದೆ. ಬಸ್ಸು ಬಂದು ಹೋದ ಸದ್ದು ಕೇಳಿಸಿತು. ಇನ್ನೊಂದು ಬಸ್ಸು ಹೇಗೂ ಇತ್ತು, ಎದ್ದೇಳಲಿಲ್ಲ. ಅವಳು ನಡುವೆ ಒಂದೂ ಪ್ರಶ್ನೆ ಕೇಳದೆ, ನನ್ನ ತುಟಿಯನ್ನೇ ನೋಡುತ್ತ ಕೂತಿದ್ದಳು. ಎಲ್ಲ ಮುಗಿದ ಮೇಲೆ ಏಟಿನ ಬಗ್ಗೆ ಏನಾದರೂ ಅನ್ನುತ್ತಾಳೆ ಎಂದು ನಾನು ಕಾದೆ.

"ಅಂಗಾದ್ರೆ ನಾನು ದಡ್ಡಿ ಆಗಿರ್ಲಿಲ್ಲ" ಎಂದಳು.

"ಇಲ್ಲ. ಒಂದು ದಿನವೂ ಇಲ್ಲ."

ಎದ್ದು ನಿಂತಳು. ಲಂಗ ಕೊಡವಿಕೊಂಡಳು. "ಅಪ್ಪ ತೋಟಕ್ಕೆ ಹೋಗ್ಬಿಡ್ತದೆ, ಈಗ್ಲೇ ಹೇಳ್ಬೇಕು" ಎಂದವಳೇ ಊರಿನ ಕಡೆಗೆ ಓಡಿದಳು. ನನ್ನನ್ನಾಗಲಿ ಟ್ರಂಕನ್ನಾಗಲಿ ತಿರುಗಿ ನೋಡಲಿಲ್ಲ. ಅರ್ಧ ಮೈಲಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. ನಾನೊಬ್ಬಳೇ ಆ ಟ್ರಂಕನ್ನು ಎಳೆದುಕೊಂಡು, ಬೆವರು ಒರೆಸಿಕೊಂಡು, ದಾರಿಯುದ್ದಕ್ಕೂ ನಗುತ್ತ ಅರಳಿಮರಕ್ಕೆ ಹೋದೆ.